ನೊರೆ ಇಳಿಯುವ ತನಕ

ಭಾನುವಾರ ಬೆಳಿಗ್ಗೆ ಎಚ್ಚರವಾದ ಕೂಡಲೇ ಹರ್ಷವರ್ಧನನಿಗೆ ನೆನಪಾದದ್ದು ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಮಗ್ಗುಲಲ್ಲಿ, ಒದ್ದೆ ಗೋಣಿಚೀಲ ಹೊದ್ದುಕೊಂಡು ಬಿಯರು ಕೂತಿದೆ ಎಂಬುದು. ರಾತ್ರಿ ಬಂದ ನೆಂಟರು ನಡುಮನೆಯಲ್ಲಿ ಮಲಗಿದ್ದಾರೆ ಎಂದು ನಿದ್ದೆಗಣ್ಣಿನಲ್ಲಿ ಹೊಳೆಯುತ್ತದಲ್ಲ, ಹಾಗೆ. ಎದೆ ಒಮ್ಮೆ ಹಾರಿತು. ಪೀಣ್ಯ ಎರಡನೇ ಹಂತದಲ್ಲಿ ಸ್ಟೀಲ್ ಟ್ಯಾಂಕು ತಯಾರಿಸುವ ವರ್ಕ್‌ಶಾಪಿಗೆ ಪಾಲುದಾರನಾದ, ತಲೆಯಲ್ಲಿ ಅಲ್ಲಲ್ಲಿ ಬೆಳ್ಳಿಕೂದಲು ಕಾಣಿಸಿಕೊಂಡ ಮನುಷ್ಯನಿಗೆ ಹೀಗೆಲ್ಲ ಎದೆ ಹಾರಬಾರದು ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡದ್ದರಿಂದ ಇನ್ನಷ್ಟು ಹಾರಿತು. ಪಕ್ಕದಲ್ಲಿ ಹೆಂಡತಿ ಯಮುನಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅವಳ ಬೆನ್ನು ಅಲುಗುತ್ತಿದ್ದ ರೀತಿ ನೋಡಿದರೆ ಅವಳಿಗೂ ಎಚ್ಚರವಾಗಿದೆ, ಅವಳೂ ಅದನ್ನೇ ನೆನೆದು ನಗುತ್ತಿದ್ದಾಳೆ ಎಂದು ಗೊತ್ತಾಗುತ್ತಿತ್ತು.

ಬಿಯರು ಬಂದದ್ದು ನಿನ್ನೆ. ಊರಿನಲ್ಲಿ ಈಗ ಅಲ್ಲಲ್ಲಿ ತಲೆಯೆತ್ತುತ್ತಿರುವ, ತಾವೇ ಬಿಯರು ಕುದಿಸಿ ಹುದುಗು ಹಾಕಿ ಅಲ್ಲೇ ಮಾರುವ ಪಬ್ಬುಗಳಲ್ಲಿ ಒಂದಕ್ಕೆ ಹರ್ಷನ ವರ್ಕ್‌ಶಾಪು ಟ್ಯಾಂಕು, ನಲ್ಲಿ ಎಲ್ಲ ಮಾಡಿಕೊಟ್ಟಿತ್ತು. ಕೊನೆಯ ನಲ್ಲಿ ಕೂರಿಸಿ ಬರುವಾಗ ಪಬ್ಬಿನ ಮ್ಯಾನೇಜರು, ಮನೆಗೆ ತಗೊಂಡು ಹೋಗಿ, ಫ್ರೆಶ್ ಇದೆ, ಬೇಗ ಮುಗಿಸಿಬಿಡಬೇಕು ಅಷ್ಟೇ ಎಂದು ಬಿಯರು ತುಂಬಿದ ಸಣ್ಣದೊಂದು ಸ್ಟೀಲ್ ಪೀಪಾಯಿ, ಅವರು ಕೆಗ್ ಎನ್ನುವುದನ್ನು, ಕೊಟ್ಟುಬಿಟ್ಟ. ನೋಡಲಿಕ್ಕೆ ಬಾಯಿ ಇಲ್ಲದ ಹಾಲಿನ ಕ್ಯಾನಿನಂತೆ ಇತ್ತು. ಬಿಯರನ್ನು ಮೇಲೆ ನೂಕಲು ಗ್ಯಾಸು ಬೇಕಲ್ಲ ಎಂದು ಆತ ಕೇಳಿದಾಗ ಹರ್ಷನಿಗೆ ನಗು ಬಂತು. ಪೀಣ್ಯದವನ ಹತ್ತಿರ ಬಂದು ಗ್ಯಾಸು ಇದೆಯಾ ಎಂದು ಕೇಳುವುದೆ? ವೆಲ್ಡಿಂಗಿಗೆ ಬಳಸುವ ಕಾರ್ಬನ್ ಡೈಆಕ್ಸೈಡ್ ಸಿಲಿಂಡರುಗಳು ವರ್ಕ್‌ಶಾಪಿನ ಮೂಲೆಯಲ್ಲಿ ಸಾಲಾಗಿ ನಿಂತಿವೆ. ರೆಗ್ಯುಲೇಟರಾ? ಅದೂ ಇದೆ. ಅದೇ ಗ್ಯಾಸು, ಅದೇ ಹೆಸರು. ಹಾಗೆಂದುಕೊಂಡು ಅವನ್ನೂ ಗೂಡ್ಸ್ ಆಟೋಗೆ ಏರಿಸಿಕೊಂಡು, ಅಪ್ಪ ಮೋಟರು ನೋಡಲು ಹೋಗುವ ಹೊತ್ತಿಗೆ ಸರಿಯಾಗಿ ನಾಗಸಂದ್ರದ ಮನೆಗೆ ಬಂದು, ಹೊರಗಿನ ಮೆಟ್ಟಿಲಿನಿಂದ ಎಲ್ಲವನ್ನೂ ತಾರಸಿಗೆ ಸಾಗಿಸಿಬಿಟ್ಟಿದ್ದ.

ಮೋಟರಿನ ವಿಷಯ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಮಾಕಳಿಯ ಹತ್ತಿರ ಅವನ ಅಪ್ಪ ಶ್ಯಾಮಣ್ಣನವರಿಗೆ ಇನ್ನೂ ಒಂದು ಪಟ್ಟೆ ಜಮೀನು ಉಳಿದಿತ್ತು. ಅದರಲ್ಲೊಂದು ಬೋರ್‌ವೆಲ್ಲು, ಬೋರ್‌ವೆಲ್ಲಿನ ಪಕ್ಕ ಶೀಟು ಹೊದಿಸಿದ ಮೋಟರ್ ಮನೆ. ಬೋರ್‌ವೆಲ್ಲು ಬತ್ತಿ, ಮೋಟರು ಸುಟ್ಟು ಎಷ್ಟೋ ಕಾಲವಾಗಿತ್ತು. ಆದರೂ ಪ್ರತಿ ಶನಿವಾರ ಸಂಜೆ ಶ್ಯಾಮಣ್ಣ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಮೋಟ್ರು ನೋಡ್ಕಂಡು ಬತ್ತೀನಿ ಎಂದು ಹೊರಡುತ್ತಿದ್ದರು. ತಿರುಗಿ ಬರುವಾಗ ಬಾಯಿ ತುಂಬ ಸೋಂಪು. ವಾರದಲ್ಲಿ ಆ ಒಂದು ರಾತ್ರಿ ಮಾತ್ರ ಅವರ ಮಾತು ಮೆತ್ತಗಾಗುತ್ತಿತ್ತು, ಗೇಟಿನ ಬಳಿ ಮಲಗಿದ ಬೀದಿನಾಯಿಯನ್ನೂ ಊಟ ಆಯ್ತಾ ಎಂದು ಕೇಳುತ್ತಿದ್ದರು. ಹರ್ಷನೂ ವಾರಕ್ಕೊಂದೆರಡು ಸಲ ಸೋಂಪು ಅಗಿಯುತ್ತಲೇ ಮನೆಗೆ ಬರುತ್ತಿದ್ದ. ಅಮ್ಮ ವಸಂತಮ್ಮ ಸೋಂಪಿನ ಡಬ್ಬಿ ಖಾಲಿಯಾದಾಗಲೆಲ್ಲ ತುಂಬಿಸಿಡುತ್ತ, ಈ ಮನೇಲಿ ಯಾವ ಗಂಡಸಿಗೂ ತಿಂದದ್ದು ಅರಗಲ್ಲ ಎಂದು ಗೋಡೆಗೆ ಹೇಳುವವರಂತೆ ಹೇಳುತ್ತಿದ್ದರು. ಅಪ್ಪ ಮಗ ಇಬ್ಬರೂ ಆಗ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದರು.

ಹಲ್ಲುಜ್ಜುತ್ತ ಹರ್ಷ ಮನಸ್ಸಿನಲ್ಲೇ ಒಂದು ವಾಕ್ಯವನ್ನು ಮತ್ತೆ ಮತ್ತೆ ಹೇಳಿಕೊಂಡ. ಅಪ್ಪ, ಬಾ, ಕೂತ್ಕೋ, ಬಿಯರ್ ಕುಡಿಯೋಣ. ಇಷ್ಟೇ. ಇದನ್ನು ಯಾರು ಬೇಕಾದರೂ ಹೇಳಬಹುದು. ಆದರೆ ಅಪ್ಪನಿಗೆ ನೇರವಾಗಿ ಒಂದು ವಾಕ್ಯ ಹೇಳಿ ಎಷ್ಟು ದಿನವಾಯಿತು ಎಂದು ಯೋಚಿಸಿದರೆ ಬಾಯಲ್ಲಿನ ನೊರೆ ಬಾಯಲ್ಲೇ ನಿಂತಿತು. ಊಟಕ್ಕೆ ಬರಬೇಕಂತೆ. ಕರೆಂಟಿನವನು ಬಂದಿದ್ದಾನಂತೆ. ಯಾರೋ ಮೂರನೆಯವರು ಹೇಳಿ ಕಳಿಸಿದ ಹಾಗೆ ಅಪ್ಪನೊಡನೆ ಮಾತಾಡುವುದು ಯಾವಾಗ ರೂಢಿಯಾಯಿತೋ. ನಿನ್ನೆ ರಾತ್ರಿ ಯಮುನಾಳ ಕಿವಿಯಲ್ಲಿ ಯೋಜನೆಯನ್ನೆಲ್ಲ ಹೇಳಿದಾಗ ಅವಳು ಹೊದಿಕೆಯ ಅಂಚನ್ನು ಬಾಯಿಗೆ ತುರುಕಿಕೊಂಡು ನಕ್ಕಿದ್ದಳು. ನಕ್ಕು ಮುಗಿದ ಮೇಲೆ, "ಮಾವ ಕೂರಲ್ಲ ಕಣ್ರೀ," ಎಂದಿದ್ದಳು, ತೀರ ಮೆಲ್ಲಗೆ, ಕಾಯಿಲೆಯವರ ಮನೆಯಲ್ಲಿ ಹೇಳುವ ಹಾಗೆ. ಕುಡಿಯುವುದೇ ಆಗಿದ್ದರೆ ಅವನಿಗೆ ಬಾರುಗಳಿದ್ದವು, ಗೆಳೆಯರಿದ್ದರು. ಅಪ್ಪ ತನ್ನೆದುರು ಕೂತು ಕುಡಿಯಬೇಕು, ಬೇರೆ ಏನೂ ಬೇಡ ಎಂದು ಅವಳಿಗೆ ಹೇಳುವಾಗ ತನ್ನ ದನಿಯೇ ಅವನಿಗೆ ಚಿಕ್ಕ ಹುಡುಗನದಂತೆ ಕೇಳಿಸಿ ನಾಚಿಕೆಯಾಗಿತ್ತು.

ಈ ಆಸೆ ಹುಟ್ಟಿದ್ದು ಆ ಪಬ್ಬಿನಲ್ಲೇ. ಟ್ಯಾಂಕಿನ ಸೋರಿಕೆ ನೋಡಲು ಹೋದವನು ಸ್ಪ್ಯಾನರು ಹಿಡಿದು ಮೊಣಕಾಲೂರಿ ಕೂತಿದ್ದಾಗ ಪಕ್ಕದ ಟೇಬಲಿನಲ್ಲಿ ಅಪ್ಪ ಮಗ ಕೂತು ಕುಡಿಯುತ್ತಿದ್ದರು. ಮೂಗು ನೋಡಿದರೆ ಸಾಕು, ಅಪ್ಪ ಮಗನೇ. ಅಂಥ ಅಪ್ಪ ಮಗ ಏನು ಮಾತಾಡುತ್ತಾರೆ? ಜೀವನದ ಗುಟ್ಟುಗಳನ್ನೆಲ್ಲ ಬಿಚ್ಚಿಡುತ್ತಾರೇನೋ ಎಂದು ಹರ್ಷ ಕಿವಿಯನ್ನು ಉದ್ದ ಮಾಡಿ ಕೇಳಿದ. ಕಾರು ನಿಲ್ಲಿಸಲು ಜಾಗ ಸಿಗದಿದ್ದ ಬಗ್ಗೆ ಮಾತಾಡುತ್ತಿದ್ದರು. ಬರೀ ಪಾರ್ಕಿಂಗು. ಅರ್ಧ ಗ್ಲಾಸು ಮುಗಿಯುವ ತನಕ ಪಾರ್ಕಿಂಗು. ಹರ್ಷನಿಗೆ ಆದ ಹೊಟ್ಟೆಕಿಚ್ಚು ಎಷ್ಟೆಂದರೆ ಬಿಗಿಯಾಗಿದ್ದ ನಟ್ಟನ್ನೇ ಇನ್ನೊಮ್ಮೆ ಬಿಗಿದು ಅದರ ಹಲ್ಲು ಸವೆಸಿದ.

ಅವನಿಗೂ ಅಪ್ಪನ ಜೊತೆ ಒಂದೇ ಸೂರಿನಡಿ ಕುಡಿದ ಅನುಭವ ಇಲ್ಲದಿರಲಿಲ್ಲ. ಮದುವೆಗೂ ಮುಂಚೆ, ಮಾಕಳಿ ದಾಟಿದ ಮೇಲೆ ತುಮಕೂರು ರಸ್ತೆಯ ಪಕ್ಕದ ಒಂದು ಬಾರಿನಲ್ಲಿ ಕೂತಿದ್ದಾಗ ಹಲಗೆಯ ಅಡ್ಡಗೋಡೆಯ ಆಚೆಯಿಂದ ಕೆಮ್ಮು ಕೇಳಿಸಿತು. ಆ ಕೆಮ್ಮನ್ನು ಹರ್ಷ ನಿದ್ದೆಯಲ್ಲೂ ಗುರುತಿಸಬಲ್ಲ. ಅಪ್ಪ ಮನೆಯೊಳಗೆ ಕಾಲಿಡುವ ಮೊದಲು ಬಾಗಿಲಲ್ಲಿ ಕೆಮ್ಮುತ್ತಿದ್ದುದು, ಒಳಗಿದ್ದವರು ಕಾಲು ಮಡಚಿ ಕೂರಲಿ ಎಂದೇ. ಸಪ್ಲೈಯರ್ ದ್ಯಾಮಣ್ಣ ಬಂದು ಕಿವಿಯಲ್ಲಿ, "ಅಣ್ಣ, ನಿಮ್ಮಪ್ಪಾಜಿ ಆ ಕಡೆ ಅವ್ರೆ. ನೀವು ಈ ಕಡೆ ಇರೋದು ಅವ್ರಿಗೂ ಗೊತ್ತಾಗೈತೆ," ಎಂದ. ಹೊರಗೆ ಹೋಗುವ ದಾರಿ ಇಬ್ಬರ ಎದುರಿನಿಂದಲೂ ಹಾಯುತ್ತಿತ್ತು. ಅವರು ಹೋಗಲಿ ಎಂದು ಇವನು ಕೂತ, ಇವನು ಹೋಗಲಿ ಎಂದು ಅವರು ಕೂತರು. ಸುಮ್ಮನೆ ಕೂತರೆ ಬಾರಿನವರು ಏನೆಂದುಕೊಂಡಾರು ಎಂದು ಇಬ್ಬರೂ ತರಿಸಿಕೊಂಡು ಕುಡಿದರು. ಅಪ್ಪನ ಮೇಲಿನ ಗೌರವಕ್ಕೆ ಹರ್ಷ ಅಷ್ಟು ಕುಡಿದದ್ದು ಆವತ್ತು ಮಾತ್ರ. ಕೊನೆಗೆ ತಡೆಯಲಾರದೆ ಅಡುಗೆಮನೆಯೊಳಗಿಂದ, ಈರುಳ್ಳಿ ಸಿಪ್ಪೆ ತುಳಿದುಕೊಂಡು ಹಿತ್ತಿಲಿಗೆ ಇಳಿದರೆ, ಇದೇ ಉಪಾಯ ಹೊಳೆದ ಶ್ಯಾಮಣ್ಣ ಅಲ್ಲಿ ಗೋಡೆಯ ಪಕ್ಕ ಪಂಚೆ ಸರಿಮಾಡಿಕೊಳ್ಳುತ್ತ ನಿಂತಿದ್ದರು. ಕಣ್ಣು ಕೂಡಿತು. ಶ್ಯಾಮಣ್ಣ ಗೋಡೆಯನ್ನು ನೋಡುತ್ತ, ನಾಳೆ ಮೋಟ್ರು ರಿಪೇರಿಯೋನು ಬತ್ತಾನೆ, ಮನೇಲಿರು ಎಂದರು. ಇವನು ಹೂಂ ಎಂದ. ರಿಪೇರಿಯವನನ್ನು ಯಾರೂ ಕರೆದಿರಲಿಲ್ಲ, ಅವನು ಬರಲೂ ಇಲ್ಲ. ಆದರೂ ಮಾರನೇ ದಿನವಿಡೀ ಹರ್ಷ ಮನೆಯಲ್ಲೇ ಇದ್ದ, ಗೇಟಿನ ಸದ್ದಾದಾಗಲೆಲ್ಲ ಎದ್ದು ನೋಡುತ್ತ.

ಮಧ್ಯಾಹ್ನದ ಮುದ್ದೆ ಉಂಡು ಅಪ್ಪ ಅಡ್ಡಾದ ಮೇಲೆ ಹರ್ಷ ತಾರಸಿ ಏರಿದ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕೆಗ್ಗನ್ನು ನಿಲ್ಲಿಸಿ ಸುತ್ತ ಐಸು ತುಂಬಿದ. ನಲ್ಲಿ ಜೋಡಿಸಿದ, ಸಿಲಿಂಡರಿನಿಂದ ಪೈಪು ಎಳೆದ. ಕೈಗಳು ತಾವಾಗಿಯೇ ಕೆಲಸ ಮಾಡುತ್ತಿದ್ದವು. ಮನಸ್ಸು ಮಾತ್ರ ಕುರ್ಚಿಗಳನ್ನು ಎಲ್ಲಿಡಬೇಕು ಎಂಬಲ್ಲಿ ಸಿಕ್ಕಿಕೊಂಡಿತ್ತು. ಎದುರುಬದುರು ಇಟ್ಟರೆ ಪಂಚಾಯ್ತಿಗೆ ಕರೆದಂತಾಗುತ್ತದೆ. ಪಕ್ಕಪಕ್ಕ ಇಟ್ಟರೆ ಬಸ್ಸಿನಲ್ಲಿ ಕೂತಂತೆ. ಓರೆಯಾಗಿ ಇಟ್ಟು, ದೂರ ನಿಂತು ನೋಡಿ, ಮತ್ತೆ ಬದಲಿಸಿದ. ಹೊಸದಾಗಿ ಶುರುವಾಗಿದ್ದ ಮೆಟ್ರೋ ರೈಲು ನಾಗಸಂದ್ರ ಸ್ಟೇಷನ್ನಿಗೆ ಹೋಗುತ್ತ ಮೇಲಿನಿಂದ ಹಾದಾಗ ಒಳಗಿದ್ದವರೆಲ್ಲ ತನ್ನ ಕುರ್ಚಿಗಳನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಯಮುನಾ ತಮ್ಮ ಮದುವೆಯಲ್ಲಿ ಯಾರೋ ಉಡುಗೊರೆ ಕೊಟ್ಟಿದ್ದ, ಷೋಕೇಸಿನಲ್ಲಿ ಡಬ್ಬದ ಸಮೇತ ಕೂತಿದ್ದ ಗಾಜಿನ ಲೋಟಗಳನ್ನು ತೊಳೆದು ತಂದಳು. ಅವಳ ಹಿಂದೆಯೇ ವಸಂತಮ್ಮ ಬಂದು ನಿಂತದ್ದು ನೋಡಿ ಹರ್ಷ ಗೋಣಿಚೀಲವನ್ನು ಎಳೆಯಲು ಹೋದ. ಅಮ್ಮ ಡ್ರಮ್ಮು ನೋಡಿದರು, ಲೋಟ ನೋಡಿದರು, ಎರಡು ಕುರ್ಚಿ ನೋಡಿದರು. ಸೆರಗಿನಲ್ಲಿ ಮೂಗು ಮುಚ್ಚಿಕೊಂಡದ್ದು ನಾತಕ್ಕಲ್ಲ, ನಗುವಿಗೆ ಎಂದು ಅವನಿಗೆ ತಡವಾಗಿ ತಿಳಿಯಿತು.

"ಟ್ಯಾಂಕು ತುಂಬಿ ಅರೀತೈತೆ ಅಂತ ಯೋಳಿ ಕಳಿಸ್ತೀನಿ," ಎಂದರು ವಸಂತಮ್ಮ. "ನೀರು ಪೋಲಾಗ್ತದೆ ಅಂದ್ರೆ ಎಂಥ ನಿದ್ದೇಲಿದ್ರೂ ಎದ್ದು ಬತ್ತಾರೆ."

ಅವರಿಬ್ಬರೂ ಇಳಿದು ಹೋದರು. ಒಂದು ಲೋಟ ಮೊದಲೇ ತುಂಬಿಸಿ ಇಟ್ಟಿರಬೇಕು, ಬಂಗಾರದ ಬಣ್ಣ, ಮೇಲೆ ತೆಳ್ಳಗೆ ನೊರೆ, ಅಪ್ಪ ಬಂದ ಕೂಡಲೇ ಅದು ಕಣ್ಣಿಗೆ ಬೀಳಬೇಕು ಎಂದು ಹರ್ಷ ಸಿಲಿಂಡರಿನ ಕೀ ತಿರುಗಿಸಿದ. ರೆಗ್ಯುಲೇಟರಿನ ಗಾಜಿನ ನಳಿಗೆಯಲ್ಲಿ ಸಣ್ಣ ಗುಂಡು ಸ್ವಲ್ಪವೇ ಮೇಲೇರಿ, ಹಾಗೇ ಕೆಳಗಿಳಿದು ಕೂತಿತು. ಗುಂಡು ಕೆಳಗಿದ್ದರೆ ಗ್ಯಾಸು ಕಮ್ಮಿ ಎಂದು ಲೆಕ್ಕ. ನೆಮ್ಮದಿಯಿಂದ ಲೋಟ ಹಿಡಿದು ನಲ್ಲಿ ಎಳೆದ. ಬಂದದ್ದು ಬಿಯರಲ್ಲ, ಸದ್ದು. ಆಮೇಲೆ ನೊರೆ. ಲೋಟದೊಳಕ್ಕೆ ನುಗ್ಗಿ, ತಳಕ್ಕೆ ಬಡಿದು ಹಿಂದಿರುಗಿ, ಅವನ ಮುಖಕ್ಕೆ, ಷರಟಿಗೆ, ಕುರ್ಚಿಗೆ. ಮುಚ್ಚಿ ಮತ್ತೆ ತೆರೆದ. ಮತ್ತೆ ನೊರೆ. ಬಕೆಟ್ಟು ಹಿಡಿದ, ಬಕೆಟ್ಟು ತುಂಬಿತು. ಬಕೆಟ್ಟನ್ನು ತಾರಸಿಯ ಮೇಲೆ ಚೆಲ್ಲಿ ಮತ್ತೆ ಹಿಡಿದ. ಬಿಳಿ ನೊರೆ ತಾರಸಿಯ ಇಳಿಜಾರು ಹಿಡಿದು, ಮಳೆನೀರು ಹೋಗುವ ಪೈಪಿನ ಕಡೆ ತೆವಳಿಕೊಂಡು ಹೋಯಿತು. ಮದುವೆಯ ಲೋಟಗಳೆಲ್ಲ ಸಾಲಾಗಿ ನೊರೆ ಹೊತ್ತು ನಿಂತವು, ಒಂದರಲ್ಲೂ ಬಿಯರಿಲ್ಲ. ಆಗ ಅವನಿಗೆ ಹೊಳೆಯಿತು. ವೆಲ್ಡಿಂಗಿನಲ್ಲಿ ಗ್ಯಾಸು ಹರಿಯುತ್ತಲೇ ಇರುತ್ತದೆ, ಆ ಗುಂಡು ತೋರಿಸುವುದು ಹರಿವನ್ನು. ಇಲ್ಲಿ ನಲ್ಲಿ ಮುಚ್ಚಿದ್ದಷ್ಟು ಹೊತ್ತೂ ಅದು ಒಳಗೇ ಕೂಡಿಕೊಳ್ಳುತ್ತ ಹೋಗಿದೆ. ದಿನಬೆಳಗಾದರೆ ಗ್ಯಾಸಿನ ಜೊತೆ ಬದುಕುವವನಿಗೆ, ಹೋಗಲು ದಾರಿ ಇಲ್ಲದ ಗ್ಯಾಸು ಏನು ಮಾಡುತ್ತದೆಂದು ಒಮ್ಮೆಯೂ ಯೋಚನೆ ಬಂದಿರಲಿಲ್ಲ. ಸಿಲಿಂಡರು ಮುಚ್ಚಿ, ಕೆಗ್ಗಿನ ತಲೆಯ ಮೇಲಿನ, ಗ್ಯಾಸು ಹೊರಬಿಡುವ ಉಂಗುರ ಎಳೆದ. ಅದು ಉಸ್ಸೆಂದು ದೀರ್ಘವಾಗಿ ನಿಟ್ಟುಸಿರು ಬಿಟ್ಟಿತು. ಆ ಸದ್ದಿನ ನಡುವೆಯೇ ಮೆಟ್ಟಿಲಲ್ಲಿ ಕೆಮ್ಮು ಕೇಳಿಸಿತು.

ಶ್ಯಾಮಣ್ಣನವರ ತಲೆ ಮೊದಲು ಕಾಣಿಸಿತು, ಆಮೇಲೆ ಬನಿಯನ್ನು, ಆಮೇಲೆ ಮೇಲೆತ್ತಿ ಕಟ್ಟಿದ ಪಂಚೆ. ಟ್ಯಾಂಕಿನ ಕಡೆ ನೋಡಿದರು. ಟ್ಯಾಂಕು ಹರಿಯುತ್ತಿರಲಿಲ್ಲ, ಮಗ ಹರಿಯುತ್ತಿದ್ದ. ಹುಬ್ಬಿನಿಂದ, ಗಲ್ಲದಿಂದ, ಅಂಗಿಯ ತುದಿಯಿಂದ. ಹರ್ಷ ಬೆಳಿಗ್ಗೆಯಿಂದ ಉರುಹೊಡೆದ ವಾಕ್ಯಕ್ಕಾಗಿ ಬಾಯಿ ತೆರೆದ.

"ಟೆಸ್ಟಿಂಗು," ಎಂದ.

"ಏನು?"

"ಕಂಪ್ನಿದು. ನಲ್ಲಿ ಟೆಸ್ಟಿಂಗು."

ಹೇಳಿದ ಮರುಗಳಿಗೆ ತನ್ನ ನಾಲಗೆಯನ್ನು ಕಚ್ಚಿಕೊಳ್ಳಬೇಕು ಅನ್ನಿಸಿತು. ಶ್ಯಾಮಣ್ಣ ಡ್ರಮ್ಮಿಗೊಂದು ಸುತ್ತು ಬಂದರು, ಹಲಸಿನಹಣ್ಣು ಕೊಳ್ಳುವವರ ಹಾಗೆ ಕೆಗ್ಗನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿದರು, ಮೂಗು ಒಮ್ಮೆ ಅರಳಿ ಮುಚ್ಚಿತು. ಅದೇನೆಂದು ಅವರಿಗೆ ತಿಳಿದುಹೋಯಿತು, ತಿಳಿಯಿತೆಂದು ಇವನಿಗೂ ತಿಳಿಯಿತು. ಇನ್ನೇನು ಇಳಿದು ಹೋಗಿಬಿಡುತ್ತಾರೆ. ಹೋಗಲಿಲ್ಲ. ಟೆಸ್ಟಿಂಗು ಅಂದಮೇಲೆ ಸರಿಯಾಗಿ ಮಾಡಬೇಕು ಎಂದು ಗಂಭೀರವಾಗಿ ಹೇಳಿ, ಒದ್ದೆಯಾಗದಿದ್ದ ಕುರ್ಚಿ ಎಳೆದು ಕೂತುಬಿಟ್ಟರು. ಕೂತರು. ಹರ್ಷನಿಗೆ ಯಮುನಾಳನ್ನು ಕೂಗಿ ಕರೆದು ತೋರಿಸಬೇಕು ಅನ್ನಿಸಿತು.

ಆದರೆ ಕುಡಿಯಲಿಕ್ಕೆ ಏನೂ ಇರಲಿಲ್ಲ. ಸಾಲಾಗಿ ನಿಂತ ಲೋಟಗಳಲ್ಲಿ ನೊರೆ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಇಳಿಯುತ್ತಿತ್ತು. ಅಪ್ಪ ಮಗ ಇಬ್ಬರೂ ಅದನ್ನೇ ನೋಡುತ್ತ ಕಾದರು. ಬೇರೆ ದಿನವಾಗಿದ್ದರೆ ಇಷ್ಟು ಹೊತ್ತಿಗೆ ಇಬ್ಬರಲ್ಲೊಬ್ಬರಿಗೆ ಏನಾದರೂ ಕೆಲಸ ನೆನಪಾಗಿರುತ್ತಿತ್ತು. ನೊರೆ ಇಳಿಯುವುದನ್ನು ಅರ್ಧಕ್ಕೆ ಬಿಟ್ಟು ಏಳುವುದು ಹೇಗೆ? ಒಂದು ಗುಳ್ಳೆ ಒಡೆಯಿತು, ಇನ್ನೊಂದು ಒಡೆಯಿತು. ಅಪ್ಪನ ಮೊಣಕಾಲಿನ ಮೇಲಿನ ಹಳೇ ಗಾಯದ ಗುರುತು, ಕಿವಿಯ ಮೇಲೆ ಬೆಳೆದ ಬಿಳಿಕೂದಲು. ಇಷ್ಟು ಹತ್ತಿರದಿಂದ, ಇಷ್ಟು ಹೊತ್ತು ಅವರನ್ನು ನೋಡಿಯೇ ಇರಲಿಲ್ಲವಲ್ಲ ಎಂದು ಹರ್ಷನಿಗೆ ಗಾಬರಿಯಾಯಿತು. ತಳದಲ್ಲಿ ಎರಡು ಬೆರಳಷ್ಟು ಬಂಗಾರ ಬಣ್ಣ ಕೂಡಿದಾಗ ಶ್ಯಾಮಣ್ಣ ಒಂದು ಲೋಟ ಎತ್ತಿ, ಬೆಳಕಿಗೆ ಹಿಡಿದು, ಒಂದೇ ಗುಟುಕಿಗೆ ಮುಗಿಸಿ, ಬಾಯಿ ಚಪ್ಪರಿಸಿದರು. ನಲ್ಲಿಗೆ ಏನೂ ತೊಂದರೆಯಿಲ್ಲ ಎಂದರು. ಇನ್ನೊಂದು ಎತ್ತಿದರು. ಕಹಿ ಕಮ್ಮಿ ಎಂದರು, ಅದೂ ನಲ್ಲಿಯ ದೋಷವೆಂಬಂತೆ. ಹರ್ಷ ಹೂಂಗುಟ್ಟುತ್ತ ಸುಮ್ಮನೆ ಪೈಪು ಸರಿಮಾಡುತ್ತಿದ್ದ. ತಾನೊಂದು ಲೋಟ ಎತ್ತಿದರೆ ಟೆಸ್ಟಿಂಗು ಮುಗಿದುಹೋಗುತ್ತದೆ. ಅಪ್ಪ ಕೂತರು, ಕುಡಿದರು, ಅವನು ಬಯಸಿದ್ದೆಲ್ಲ ಆಗುತ್ತಿತ್ತು, ಮತ್ತು ಏನೂ ಆಗುತ್ತಿರಲಿಲ್ಲ. ಶನಿವಾರಕ್ಕೊಂದು ಮೋಟರು ಇತ್ತು, ಭಾನುವಾರಕ್ಕೆ ಇನ್ನೊಂದನ್ನು ತಾನೇ ಕೈಯಾರೆ ತಂದು ಕೂರಿಸಿದ್ದ.

ಅಷ್ಟರಲ್ಲಿ ಮೆಟ್ಟಿಲಲ್ಲಿ ಮತ್ತೆ ಹೆಜ್ಜೆಯ ಸದ್ದಾಯಿತು. ಕೆಳಗಿನ ವಠಾರದ ಬಾಡಿಗೆದಾರ ಮಲಕಪ್ಪ. ವಿಜಾಪುರದ ಕಡೆಯಿಂದ ಬಂದು ಪೀಣ್ಯದ ಫೌಂಡ್ರಿಯಲ್ಲಿ ಕೆಲಸಕ್ಕಿದ್ದವನು. ರೂಮು ಕೊಡುವ ದಿನ ಶ್ಯಾಮಣ್ಣ ಅವನಿಗೂ, ಎಲ್ಲ ಬಾಡಿಗೆದಾರರಿಗೂ ಹೇಳಿದಂತೆ, ಕಾಂಪೌಂಡಿನ ಒಳಗೆ ಕುಡಿಯುವುದು ಗಿಡಿಯುವುದು ಇರಕೂಡದು, ಇದು ಸಂಸಾರಸ್ಥರ ಮನೆ ಎಂದು ಹೇಳಿದ್ದರು. ಮಲಕಪ್ಪ ತಲೆಗೆ ಸುತ್ತಿದ್ದ ಟವೆಲ್ಲು ಬಿಚ್ಚಿ ಹೆಗಲಿಗೆ ಹಾಕಿಕೊಂಡ.

"ಗೌಡ್ರ, ಪೈಪಿನ್ಯಾಗಿಂದ ನೊರಿ ಬರಾಕತ್ತೈತ್ರಿ. ನಮ್ಮ ರುಕ್ಮವ್ವ ಭಾಂಡಿ ತಿಕ್ಕಾಕತ್ತಿದ್ಲು, ಎಲ್ಲಾ ಮೈ ಮ್ಯಾಲ ಬಂತು. ಯಾರರ ಅರಬಿ ಒಗ್ಯಾಕತ್ತಾರೇನು, ನೋಡಿ ಬಾ ಅಂದ್ಲು." ಆಮೇಲೆ ಅವನ ಕಣ್ಣು ಡ್ರಮ್ಮಿನ ಮೇಲೆ, ಲೋಟಗಳ ಮೇಲೆ, ಶ್ಯಾಮಣ್ಣನವರ ಕೈಯಲ್ಲಿದ್ದ ಲೋಟದ ಮೇಲೆ ಬಿತ್ತು. ಬೀಳಬಾರದಿತ್ತು ಎಂಬಂತೆ ಕೂಡಲೇ ಆಕಾಶದ ಕಡೆ ನೋಡಿದ. "ಅರಬಿ ಒಗಿಯೋ ಸಬಕಾರದ ವಾಸನಿ ಅಲ್ಲ ಅನಸ್ತದ್ರಿ," ಎಂದು ಆಕಾಶಕ್ಕೇ ಹೇಳಿದ.

ಹರ್ಷನಿಗೆ ಕಿವಿ ಬಿಸಿಯಾಯಿತು. ಟೆಸ್ಟಿಂಗು ಎಂಬ ಮಾತು ತುದಿನಾಲಗೆಗೆ ಬಂದು ನಿಂತಿತು. ಅಪ್ಪನೇ ಅದನ್ನು ಹೇಳಲಿ ಎಂದು ಅವರ ಮುಖ ನೋಡಿದ. ಹೇಳಿದರೆ ಎಲ್ಲರೂ ಪಾರು. ಮಲಕಪ್ಪನೂ ನಂಬಿದವನಂತೆ ತಲೆಯಾಡಿಸಿ ಇಳಿದುಹೋಗುತ್ತಾನೆ. ಶ್ಯಾಮಣ್ಣ ಲೋಟವನ್ನು ಕೆಳಗಿಡಲು ಬಗ್ಗಿದರು. ಬಗ್ಗಿದವರು ಯಾಕೋ ಅರ್ಧದಲ್ಲೇ ತಡೆದರು. ನೊರೆಯಲ್ಲಿ ತೊಯ್ದು ಪೈಪು ಹಿಡಿದು ನಿಂತ ಮಗನನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿದರು. ಲೋಟ ಮತ್ತೆ ತೊಡೆಯ ಮೇಲೆ ಬಂತು.

"ಬಿಯರ್ರು ಕಣಪ್ಪ," ಎಂದರು. "ನನ್ನ ಮಗ ತಂದವ್ನೆ. ನಾನೂ ಅವನೂ ಕುಡೀತಾ ಕುಂತಿದೀವಿ. ಕೆಳೀಕೆ ನೀರು ಬಿಡಿಸ್ತೀನಿ, ನಿಮ್ಮವರಿಗೆ ಬೇಜಾರು ಮಾಡ್ಕಬ್ಯಾಡ ಅನ್ನು." ಆಮೇಲೆ, ತಾವೇ ಮಾಡಿದ ಕಾನೂನು ನೆನಪಾದವರಂತೆ, ಆ ಕಡೆಯ ಕಟ್ಟೆ ತೋರಿಸಿದರು. "ಬಾ, ನೀನೂ ಕೂರು."

"ಬ್ಯಾಡ್ರಿ, ನಮ್ದು ಕಂಪೌಂಡಿನ ಹೊರಗ ಆಗೈತ್ರಿ," ಎಂದ ಮಲಕಪ್ಪ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ. ಟವೆಲ್ಲು ಮತ್ತೆ ತಲೆಗೆ ಸುತ್ತಿಕೊಂಡು ಇಳಿದ. ಕೆಳಗೆ ಹೆಂಗಸರ ನಗು ಎದ್ದದ್ದು ಕೇಳಿಸಿತು. ಅದರಲ್ಲಿ ಅಮ್ಮನದೂ ಇತ್ತು.

ನನ್ನ ಮಗ ತಂದವ್ನೆ. ಅದನ್ನು ಅಪ್ಪ ಎಷ್ಟು ಸಲೀಸಾಗಿ ಹೇಳಿಬಿಟ್ಟರು, ಗೊಬ್ಬರ ತಂದಿದ್ದಾನೆ, ಔಷಧಿ ತಂದಿದ್ದಾನೆ ಎನ್ನುವ ಹಾಗೆ. ಹರ್ಷ ನಲ್ಲಿಯನ್ನು ಮೆಲ್ಲಗೆ, ಲೋಟ ಓರೆ ಹಿಡಿದು ತೆರೆದ. ಗ್ಯಾಸು ಹೋಗಿ ತಣ್ಣಗಾಗಿದ್ದ ಕೆಗ್ಗಿನಿಂದ ಈ ಸಲ ಬಿಯರು ಸದ್ದಿಲ್ಲದೆ, ಅಂಚಿಗೆ ತಗುಲಿಕೊಂಡು ಇಳಿಯಿತು, ಮೇಲೆ ಒಂದೇ ಬೆರಳಿನಷ್ಟು ನೊರೆ. ಅಪ್ಪನಿಗೆ ಕೊಟ್ಟ. ಕೊಡುವಾಗ ಎರಡು ಕೈ ಸೇರಿಸಿದ್ದ, ಪ್ರಸಾದ ಕೊಡುವವನಂತೆ. ನಗು ಬಂದು ಒಂದು ಕೈ ಬಿಟ್ಟ. ಶ್ಯಾಮಣ್ಣ ತಗೊಂಡರು, ಕುಡಿಯಲಿಲ್ಲ. ಇನ್ನೊಂದು ಕುರ್ಚಿಯ ಕಡೆ ಗದ್ದ ಎತ್ತಿ, ನಿನಗೆ? ಎಂದರು.

ತನಗೂ ಹಾಕಿಕೊಂಡ. ಕುರ್ಚಿಯ ಒದ್ದೆ ಒರೆಸದೆ ಹಾಗೇ ಕೂತ. ಲೋಟ ತುಟಿಗೆ ತಾಗಿದಾಗ ಎದುರಿಗೆ ಟ್ಯಾಂಕಿನ ಕಪ್ಪು ಮೈ, ಪ್ಯಾರಪೆಟ್ಟಿನ ಗೋಡೆ, ಅದರ ಮೇಲೆ ಯಾರೋ ಒಣಗಲು ಹಾಕಿದ ಮೆಣಸಿನಕಾಯಿ ಕಂಡವು. ಅಪ್ಪ ಕಾಣಲಿಲ್ಲ. ಅವನಿಗೆ ಗೊತ್ತಿಲ್ಲದಂತೆಯೇ ಅವನ ಸೊಂಟ, ಬೆನ್ನು, ಕತ್ತು ಎಲ್ಲ ಪೂರ್ತಿ ಆ ಕಡೆ ತಿರುಗಿಬಿಟ್ಟಿದ್ದವು, ಹಿರಿಯರೆದುರು ಕುಡಿಯಬೇಕಾಗಿ ಬಂದ ಕಿರಿಯರೆಲ್ಲ ತಿರುಗಿಕೊಳ್ಳುವ ಹಾಗೆ. ಬೆನ್ನ ಹಿಂದೆ ಅಪ್ಪನ ಕುರ್ಚಿ ಕಿರುಗುಟ್ಟಿತು. ಎದ್ದರೆ? ಎದ್ದು ಹೊರಟರೆ? ಬಿಯರು ಬಾಯಲ್ಲೇ ನಿಂತಿತು.

"ಈ ಕಡೀಕೆ ತಿರುಗ್ಲಾ," ಎಂದರು ಶ್ಯಾಮಣ್ಣ. "ಒಬ್ಬನೇ ಕುಡ್ದು ಕುಡ್ದು ನಂಗೂ ಸಾಕಾಗೈತೆ."

ಹರ್ಷ ತಿರುಗಿದ. ಲೋಟದ ಅಂಚಿನ ಮೇಲಿಂದ ಅಪ್ಪನ ಮುಖ ಕಂಡಿತು, ಮೀಸೆಯ ತುಂಬ ನೊರೆ. ನುಂಗಿದ.